ಪರಿಹಾರ ಕಾರ್ಯದ ಚುಕ್ಕಾಣಿ ಯಾರ ಕೈಗೆ? ಹೈಟಿ ಮತ್ತು ಫಿಲಿಪ್ಪೀನ್ಸ್

ವಿಪತ್ತಿನ ಹೊತ್ತಿಗೆ ಸಮನ್ವಯ ವ್ಯವಸ್ಥೆ ರೂಪಿಸಬೇಕಾದವರು ಹೈಟಿ, ಫಿಲಿಪ್ಪೀನ್ಸ್‌ಗಳ ಈ ಎರಡು ಪರಿಹಾರ ಕಾರ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಎರಡರಲ್ಲೂ ಇದ್ದದ್ದು ವಿಶ್ವಸಂಸ್ಥೆ 2005ರಲ್ಲಿ ತಂದ ಕ್ಲಸ್ಟರ್ ಪದ್ಧತಿಯೇ, ಅಂದರೆ ಒಂದೊಂದು ಕ್ಷೇತ್ರದ ಸಮನ್ವಯಕ್ಕೆ ಒಂದೊಂದು ಮುಂದಾಳು ಸಂಸ್ಥೆ: ಆರೋಗ್ಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ, ನೀರು-ನೈರ್ಮಲ್ಯಕ್ಕೆ ಯುನಿಸೆಫ್, ಸಾಗಣೆಗೆ ವಿಶ್ವ ಆಹಾರ ಕಾರ್ಯಕ್ರಮ, ಹೀಗೆ. ವ್ಯತ್ಯಾಸ ಇರುವುದು ಸಭೆ ಕರೆಯುವವರು ಯಾರು ಎನ್ನುವಲ್ಲಿ.

ಹೈಟಿ, ಜನವರಿ 2010. ಭೂಕಂಪಕ್ಕೆ ಸಚಿವಾಲಯದ ಕಟ್ಟಡಗಳೇ ಕುಸಿದವು. ವಿಶ್ವಸಂಸ್ಥೆಯ ಕಚೇರಿಯೂ ಉರುಳಿ, ಅಲ್ಲಿನ ಮುಖ್ಯಸ್ಥ ಹೆಡಿ ಅನ್ನಾಬಿ ತೀರಿಕೊಂಡರು. ಹೊರಗಿನವರು ಮುಂದಾಳತ್ವ ವಹಿಸದೆ ಗತ್ಯಂತರವಿರಲಿಲ್ಲ, ನಿಜ. ಆದರೆ ಸಭೆಗಳು ನಡೆದದ್ದು ವಿಮಾನ ನಿಲ್ದಾಣದ ಬಳಿಯ ವಿಶ್ವಸಂಸ್ಥೆ ನೆಲೆಯೊಳಗೆ, ಹೆಚ್ಚಾಗಿ ಇಂಗ್ಲಿಷಿನಲ್ಲಿ. ಕ್ರಿಯೋಲ್, ಫ್ರೆಂಚ್ ಮಾತಾಡುವ ಸ್ಥಳೀಯ ಸಂಘಟನೆಗಳಿಗೆ ಗೇಟು ದಾಟುವುದೇ ಕಷ್ಟವಾಯಿತು. ಓಣಿ ಓಣಿಯನ್ನೂ ಬಲ್ಲವರೇ ಹೊರಗುಳಿದರು. ಇದನ್ನು ಸಣ್ಣ ಲೋಪವೆಂದು ನಾನು ಒಪ್ಪಲಾರೆ.

ಫಿಲಿಪ್ಪೀನ್ಸ್, ನವೆಂಬರ್ 2013, ಹೈಯಾನ್ ಚಂಡಮಾರುತ. ಸರ್ಕಾರ 2007ರಲ್ಲೇ ಕ್ಲಸ್ಟರ್ ಪದ್ಧತಿಯನ್ನು ತನ್ನದಾಗಿಸಿಕೊಂಡಿತ್ತು; 2010ರಲ್ಲಿ ವಿಪತ್ತು ನಿರ್ವಹಣೆಗೆ ಕಾನೂನೂ ಬಂದಿತ್ತು. ಸಮನ್ವಯದಲ್ಲಿ ಸರ್ಕಾರದ ಇಲಾಖೆ ಮುಂದೆ, ವಿಶ್ವಸಂಸ್ಥೆ ಜೊತೆಗೆ. ಆದರೂ ಟಕ್ಲೋಬಾನ್‌ನಲ್ಲಿ ಪೊಲೀಸರು, ನಗರಾಡಳಿತದ ಸಿಬ್ಬಂದಿಯೇ ಸಂತ್ರಸ್ತರಾಗಿ, ಮೊದಲ ದಿನಗಳಲ್ಲಿ ಆಡಳಿತ ತತ್ತರಿಸಿತು.

ಸರ್ಕಾರ ಕೆಲಸ ಮಾಡುವ ಸ್ಥಿತಿಯಲ್ಲಿದ್ದರೆ ಎರಡನೆಯದನ್ನೇ, ಅಂದರೆ ಸರ್ಕಾರದ ಮುಂದಾಳತ್ವವನ್ನೇ ಆರಿಸಿ. ಆಡಳಿತ ನೆಲಕಚ್ಚಿದ್ದರೆ, ಇಲ್ಲವೇ ಸರ್ಕಾರವೇ ಯುದ್ಧದ ಒಂದು ಪಕ್ಷವಾಗಿದ್ದರೆ ಮೊದಲನೆಯದು, ಅಂದರೆ ಹೊರಗಿನವರ ಮುಂದಾಳತ್ವ ಅನಿವಾರ್ಯ. ಆಗಲೂ ದುಭಾಷಿಗಳನ್ನು ಮೊದಲ ದಿನವೇ ನೇಮಿಸಿ, ಸಭೆಯನ್ನು ಊರೊಳಗೆ ನಡೆಸಿ.