ಡಿಸ್ನಿ ಟಿಕೆಟ್‌ನಲ್ಲಿ ಬೇರೆಯವರು ಉಳಿಸಿದ ದಿನಗಳನ್ನು ಕೊಳ್ಳಬೇಡಿ, ದಯವಿಟ್ಟು

ಅಪ್ಪ ಅಮ್ಮನನ್ನು ಕರ್ಕೊಂಡು ಡಿಸ್ನಿ ವರ್ಲ್ಡ್ ನೋಡೋಕೆ ಫ್ಲೋರಿಡಾದ ಒರ್ಲ್ಯಾಂಡೊಗೆ ಹೊರಟಿರೋರು ಇದನ್ನು ಓದಿಬಿಟ್ಟು ಹೊರಡಿ. ಬರೆಯೋದೋ ಬೇಡವೋ ಅಂತ ಮೂರು ವಾರ ಯೋಚನೆ ಮಾಡಿದೆ. ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ. ಆದರೆ ಮೊನ್ನೆ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು, "ಒರ್ಲ್ಯಾಂಡೊ ಹತ್ತಿರದ 192 ರಸ್ತೆಯಲ್ಲಿ ಡಿಸ್ನಿ ಟಿಕೆಟ್ ಅರ್ಧ ರೇಟಿಗೆ ಸಿಗುತ್ತಂತೆ, ಯಾರಾದ್ರೂ ತಗೊಂಡಿದ್ದೀರಾ?" ಅಂತ ಕೇಳಿದ್ದರು. ಕೆಳಗೆ ಇಬ್ಬರು ಸಿಗುತ್ತೆ, ತಗೊಳ್ಳಿ ಅಂತ ಉತ್ತರ ಬೇರೆ ಕೊಟ್ಟಿದ್ದರು. ಅದನ್ನು ನೋಡಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

ತಗೋಬೇಡಿ. ಯಾರು ಎಷ್ಟೇ ಹೇಳಲಿ, ತಗೋಬೇಡಿ.

ನಾವಿರೋದು ಅಟ್ಲಾಂಟಾ ಹತ್ತಿರ. ಅರಸೀಕೆರೆಯಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬಂದಿದ್ದರು. ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದ ಅಪ್ಪ ಏನನ್ನೂ ಬೇಕು ಅಂತ ಕೇಳೋ ಮನುಷ್ಯ ಅಲ್ಲ. ಆದರೆ ಮೊಮ್ಮಗಳು ದಿನಾ ಡಿಸ್ನಿಯ ಆ ಕೋಟೆಯ ಚಿತ್ರ ತೋರಿಸಿ ತೋರಿಸಿ, ಅವರಿಗೂ ಒಂದು ಸಲ ನೋಡಬೇಕು ಅನ್ನೋ ಆಸೆ ಹುಟ್ಟಿತ್ತು. ಡಿಸೆಂಬರ್ ರಜೆಗೆ ಹೋಗೋದು ಅಂತಾಯ್ತು.

ನಾವು ಮೋಸ ಹೋಗಿದ್ದರ ಬೇರು ಇಲ್ಲಿದೆ. ನನ್ನ ಹತ್ತಿರ, ನಮ್ಮೆಜಮಾನರ ಹತ್ತಿರ ಹಳೇ ಟಿಕೆಟ್ ಇತ್ತು. 2012ರಲ್ಲಿ, ಮದುವೆಯಾದ ಹೊಸದರಲ್ಲಿ, ತಲಾ ಐದು ದಿನದ ಟಿಕೆಟ್ ತಗೊಂಡಿದ್ವಿ. ಮೂರು ದಿನ ಆಗೋಷ್ಟರಲ್ಲಿ ಅವರಿಗೆ ಆಫೀಸಿಂದ ಕರೆ ಬಂದು ವಾಪಸ್ ಓಡಿ ಬಂದ್ವಿ. ಆಗ ಮಾಮೂಲಿ ಟಿಕೆಟ್ ಆಗಿದ್ದರೆ ಮೊದಲ ಸಲ ಒಳಗೆ ಹೋದ 14 ದಿನಕ್ಕೆ ಉಳಿದಿದ್ದೆಲ್ಲ ಹೋಯ್ತು. ನಾವು ಮಾತ್ರ ಹೆಚ್ಚಿಗೆ ದುಡ್ಡು ಕೊಟ್ಟು 'ನೋ ಎಕ್ಸ್‌ಪೈರೇಷನ್' ಹಾಕಿಸ್ಕೊಂಡಿದ್ವಿ. ಅದು ಇದ್ದರೆ ಉಳಿದ ದಿನಗಳಿಗೆ ಗಡುವೇ ಇಲ್ಲ. 2015ರಲ್ಲಿ ಅದನ್ನು ಮಾರೋದನ್ನೇ ನಿಲ್ಲಿಸಿದರು, ಆದರೆ ಮೊದಲೇ ತಗೊಂಡೋರದ್ದು ಹಾಗೇ ಉಳೀತು. ಅಷ್ಟು ವರ್ಷ ಪಾಸ್‌ಪೋರ್ಟ್ ಇಡೋ ಕವರಿನಲ್ಲೇ ಆ ಎರಡು ಕಾರ್ಡ್ ಇಟ್ಟುಕೊಂಡಿದ್ದೆ, ತಲಾ ಎರಡು ದಿನ ಬಾಕಿ ಇತ್ತು.

ಹೋಗೋ ಮೊದಲು ನಮ್ಮೆಜಮಾನರು ಡಿಸ್ನಿಗೆ ಫೋನ್ ಮಾಡಿ, ಟಿಕೆಟ್ ಹಿಂದಿನ ನಂಬರ್ ಓದಿ ಹೇಳಿ, ಡಿಸ್ನಿಯ ಆ್ಯಪ್‌ಗೆ ಸೇರಿಸಿದರು. ಎರಡು ದಿನ ಬಾಕಿ ಅಂತ ತೋರಿಸ್ತು. ಇಂಥ ತಾರೀಖಿಲ್ಲದ ಹಳೇ ಟಿಕೆಟ್‌ಗೆ ಈಗಲೂ ಪಾರ್ಕ್ ರಿಸರ್ವೇಶನ್ (ಯಾವ ದಿನ ಯಾವ ಪಾರ್ಕ್ ಅಂತ ಮೊದಲೇ ಕಾಯ್ದಿರಿಸೋದು) ಬೇಕು, ಅದನ್ನೂ ಮಾಡಿದರು. ಮಗಳಿಗೆ ಡಿಸ್ನಿಯಿಂದಲೇ ಹೊಸ ಟಿಕೆಟ್ ತಗೊಂಡ್ವಿ. ಅಪ್ಪ ಅಮ್ಮಂಗೂ ಅಲ್ಲೇ ತಗೊಂಡುಬಿಟ್ಟಿದ್ದರೆ ಮುಗೀತಿತ್ತು. ತಗೊಳ್ಳೋಣ ಅಂತಾನೇ ನಮ್ಮೆಜಮಾನರೂ ಅಂದರು. ಬೇಡ ಅಂದೋಳು ನಾನು. ಹತ್ತು ವರ್ಷ ತುಂಬಿದೋರೆಲ್ಲ ದೊಡ್ಡವರ ಲೆಕ್ಕ, ಹಿರಿಯರು ಅಂತ ರಿಯಾಯ್ತಿ ಇಲ್ಲ, ಒಂದು ದಿನಕ್ಕೇ ಒಬ್ಬರಿಗೆ ನೂರೈವತ್ತು ಡಾಲರಿಗೂ ಮೇಲೆ. ಪರಿಚಯದ ಕನ್ನಡದೋರೊಬ್ಬರು, ಕಿಸಿಮ್ಮಿಯಲ್ಲಿ 192 ರಸ್ತೆ ಮೇಲೆ ಒಂದು ಅಂಗಡಿ ಇದೆ, ನಾವು ಅಲ್ಲೇ ತಗೊಂಡಿದ್ದು, ಏನೂ ತೊಂದರೆ ಇಲ್ಲ ಅಂದಿದ್ದರು. ನಂಬಿದೆ.

ಆ ರಸ್ತೆ ನೋಡಿದೋರಿಗೆ ಗೊತ್ತಿರುತ್ತೆ. ಉದ್ದಕ್ಕೂ ಟೀಶರ್ಟ್ ಅಂಗಡಿ, ಮಿನಿ ಗಾಲ್ಫ್, ಹೋಟೆಲ್ಲು, ಮಧ್ಯೆ ಮಧ್ಯೆ ಡಿಸ್ಕೌಂಟ್ ಟಿಕೆಟ್ ಅಂತ ದೊಡ್ಡ ದೊಡ್ಡ ಅಕ್ಷರದ ಬೋರ್ಡು. ಒಳಗೆ ಹೋದ ತಕ್ಷಣ ಅಂಗಡಿಯವನು ನಮಸ್ತೆ ಅಂದ. ಮೊದಲು ಟೈಮ್‌ಶೇರ್ (ರಜೆಯ ಮನೆಯಲ್ಲಿ ವರ್ಷಕ್ಕೆ ಇಷ್ಟು ದಿನ ಅಂತ ಪಾಲು ಮಾರೋದು) ಕಥೆ ಶುರು ಮಾಡಿದ. ಒಂದೂವರೆ ಗಂಟೆ ಕೂತು ಕೇಳಿದರೆ ಟಿಕೆಟ್ ಪುಕ್ಕಟೆ ಅಂತ. ಬೇಡ ಅಂದ್ವಿ. ಆಮೇಲೆ ದನಿ ತಗ್ಗಿಸಿ, "ನಿಮಗೆ ಎಕ್ಸ್‌ಪೈರ್ ಆಗದ ಟಿಕೆಟ್ ಕೊಡ್ತೀನಿ. ಒಂದು ಕುಟುಂಬ ಬಳಸದೆ ಉಳಿಸಿದ ದಿನಗಳು, ತಲಾ ಎರಡು ದಿನ" ಅಂದ.

ಇದೇ ಮಾತಿಗೆ ನಾನು ಬಿದ್ದಿದ್ದು. ನಮ್ಮದೂ ಅದೇ ತರದ ಟಿಕೆಟ್ ಅಲ್ವಾ? ನಮ್ಮದರಲ್ಲೂ ಎರಡು ದಿನ ಉಳಿದಿದೆ ಅಲ್ವಾ? ಆ್ಯಪ್‌ನಲ್ಲಿ ಕಣ್ಣಾರೆ ನೋಡಿದೀನಿ ಅಲ್ವಾ? ಅಂದಮೇಲೆ ಇವನು ಹೇಳ್ತಿರೋದು ಸುಳ್ಳು ಹೇಗಾಗುತ್ತೆ? ಅರ್ಧ ಗೊತ್ತಿದ್ದಿದ್ದೇ ನನಗೆ ಮುಳುವಾಯ್ತು. ಏನೂ ಗೊತ್ತಿಲ್ಲದಿದ್ದರೆ ನಮ್ಮೆಜಮಾನರ ಮಾತು ಕೇಳ್ತಿದ್ದೆ.

ಎರಡು ಪ್ಲಾಸ್ಟಿಕ್ ಕಾರ್ಡ್ ಮುಂದಿಟ್ಟ. ಒಂದರ ಮೂಲೆಯಲ್ಲಿ ಕಪ್ಪು ಮಾರ್ಕರ್‌ನಲ್ಲಿ 2 ಅಂತ ಬರೆದು ಸುತ್ತ ಒಂದು ಸೊನ್ನೆ ಸುತ್ತಿತ್ತು. ತಲಾ 150 ಡಾಲರ್, ಕ್ಯಾಶ್ ಮಾತ್ರ. ಆ್ಯಪ್‌ಗೆ ಹಾಕಿ ನೋಡಬಹುದಾ ಅಂತ ನಮ್ಮೆಜಮಾನರು ಕೇಳಿದರು. ಅದಕ್ಕೆ ಅವನು, "ಹಾಕಬೇಡಿ, ಹಾಕಿದರೆ ಮೊದಲಿನೋರ ಅಕೌಂಟ್ ಜೊತೆ ಗೊಂದಲ ಆಗುತ್ತೆ. ಕೌಂಟರಿಗೂ ಹೋಗಬೇಡಿ, ಸುಮ್ಮನೆ ಕ್ಯೂ. ನೇರ ಗೇಟಿಗೆ ಹೋಗಿ ತಾಗಿಸಿ." ರಿಸರ್ವೇಶನ್ ಬೇಡವಾ? "2024ರ ಜನವರಿಯಲ್ಲೇ ಅದನ್ನು ತೆಗೆದಿದ್ದಾರೆ." ತೆಗೆದಿರೋದು ನಿಜ, ತಾರೀಖು ಹಾಕಿ ಮಾರೋ ಟಿಕೆಟ್‌ಗಳಿಗೆ. ಹಳೇವಕ್ಕಲ್ಲ. ಅದು ನಮಗೆ ಗೊತ್ತಿತ್ತು. ಗೊತ್ತಿದ್ದೂ ನಾನು, ಇವನು ದಿನಾ ಇದೇ ಮಾಡೋನು, ನಮಗಿಂತ ಚೆನ್ನಾಗಿ ಗೊತ್ತಿರುತ್ತೆ ಅಂದ್ಕೊಂಡೆ. ಬೆರಳು ಸ್ಕ್ಯಾನ್ ಮಾಡ್ತಾರಲ್ಲ? "ವಯಸ್ಸಾದೋರದ್ದು ಸರಿಯಾಗಿ ಬರಲ್ಲ, ಹಾಗೇ ಬಿಡ್ತಾರೆ."

ಮುನ್ನೂರು ಡಾಲರ್ ಎಣಿಸಿ ಕೊಟ್ಟೆ. ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ಸಾವಿರ ರೂಪಾಯಿ. ಒಂದು ಚೀಟಿ ಕೊಟ್ಟ. ಅದರ ಮೇಲೆ ಟಿಕೆಟ್ ಅನ್ನೋ ಪದವೇ ಇಲ್ಲ, 'ಟೂರಿಸ್ಟ್ ಸರ್ವಿಸ್' ಅಂತ ಬರೆದಿದ್ದ. ಅದನ್ನು ನಾನು ಓದಿದ್ದು ಮಾರನೇ ದಿನ.

ಭಾನುವಾರ ಬೆಳಗ್ಗೆ ಅಪ್ಪ ಇಸ್ತ್ರಿ ಮಾಡಿದ ತುಂಬುತೋಳಿನ ಶರ್ಟ್ ಹಾಕಿ ನಮಗಿಂತ ಮೊದಲೇ ರೆಡಿಯಾಗಿ ಕೂತಿದ್ದರು. ಕಾರು ನಿಲ್ಲಿಸೋ ಕಡೆಯಿಂದ ಆ ಕೋಟೆ ಇರೋ ಪಾರ್ಕ್, ಮ್ಯಾಜಿಕ್ ಕಿಂಗ್‌ಡಮ್‌ಗೆ ಕೆರೆ ದಾಟಿ ಹೋಗಬೇಕು, ಮೋನೋರೈಲ್ ಅಥವಾ ದೋಣಿ. ದಾಟೋ ಮೊದಲು ಅಲ್ಲೇ ಕೌಂಟರಿನಲ್ಲಿ ನಮ್ಮ ಹಳೇ ಟಿಕೆಟ್‌ಗಳನ್ನು ಕೊಟ್ಟು ಹೊಸ ಕಾರ್ಡ್ ಮಾಡಿಸ್ಕೊಂಡ್ವಿ. ಫೋಟೋ ಇರೋ ಗುರುತಿನ ಚೀಟಿ ನೋಡಿದರು, ಹೆಸರು ತಾಳೆ ಹಾಕಿದರು, ಹತ್ತು ನಿಮಿಷದ ಕೆಲಸ. ಅಪ್ಪ ಅಮ್ಮನ ಕಾರ್ಡ್ ನನ್ನ ಪರ್ಸಲ್ಲೇ ಇತ್ತು. ಅದೇ ಕೌಂಟರಿನ ಮುಂದೆ ನಿಂತಿದ್ದೆ. ತೆಗೆದು ತೋರಿಸಲಿಲ್ಲ, ಅವನು ಬೇಡ ಅಂದಿದ್ದ ಅಂತ.

ದೋಣಿಯಲ್ಲಿ ಹೋದ್ವಿ. ದೂರದಲ್ಲಿ ಕೋಟೆ ಕಂಡ ಕೂಡಲೇ ಅಪ್ಪ ಫೋನ್ ತೆಗೆದು ವಿಡಿಯೋ ಮಾಡಿದರು. ಅದರಲ್ಲಿ ಅಮ್ಮ ಊರಿನೋರಿಗೆಲ್ಲ ಕನ್ನಡದಲ್ಲಿ ವಿವರಿಸ್ತಿರೋದು ಕೇಳಿಸುತ್ತೆ. ಆ ವಿಡಿಯೋ ಈಗಲೂ ಪೂರ್ತಿ ನೋಡೋಕೆ ನನ್ನಿಂದ ಆಗ್ತಿಲ್ಲ.

ಗೇಟಿನಲ್ಲಿ ಕಾರ್ಡ್ ತಾಗಿಸಿ ಬೆರಳಿಟ್ಟರೆ ದುಂಡಗಿನ ದೀಪ ಹಸಿರಾಗುತ್ತೆ. ಮಗಳದ್ದು ಹಸಿರು. ನಂದು ಹಸಿರು. ನಮ್ಮೆಜಮಾನರದ್ದೂ ಹಸಿರು. ಅಪ್ಪ ಕಾರ್ಡ್ ತಾಗಿಸಿದರು, ನೀಲಿ ಬಂತು. ಬೆರಳು ಒರೆಸ್ಕೊಂಡು ಮತ್ತೆ ಇಟ್ಟರು. ನೀಲಿ. ನಮ್ಮ ಹಿಂದೆ ಉದ್ದಕ್ಕೆ ಜನ. ಅಪ್ಪ ನನ್ನ ಕಡೆ ತಿರುಗಿ, "ನಾನೇನಾದ್ರೂ ತಪ್ಪಾಗಿ ಇಟ್ನೇನಮ್ಮ?" ಅಂದರು.

ಐಪ್ಯಾಡ್ ಹಿಡ್ಕೊಂಡು ಒಬ್ಬಾಕೆ ಬಂದರು. ಒಳ್ಳೇ ಹೆಂಗಸು, ಅವರ ಮೇಲೆ ನನಗೆ ಎಳ್ಳಷ್ಟೂ ದೂರಿಲ್ಲ. ಟಿಕೆಟ್ ಯಾರ ಹೆಸರಲ್ಲಿದೆ ಅಂತ ಮೆಲ್ಲಗೆ ಕೇಳಿದರು. ಅಪ್ಪ ತಮ್ಮ ಪೂರ್ತಿ ಹೆಸರು, ಇನಿಷಿಯಲ್ ಸಮೇತ ಹೇಳಿದರು. ಹೇಳಿ, ಕುತ್ತಿಗೆಗೆ ಹಾಕ್ಕೊಂಡಿದ್ದ ಬಟ್ಟೆ ಚೀಲದಿಂದ ಪಾಸ್‌ಪೋರ್ಟ್ ತೆಗೆದು, ಫೋಟೋ ಇರೋ ಪುಟ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ತೋರಿಸಿದರು. ಆಕೆ ನೋಡಿದರು, ಐಪ್ಯಾಡ್ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಅಪ್ಪನ ಕೈಲಿದ್ದದ್ದು ಒಂದು ಮಗುವಿನ ಟಿಕೆಟ್. ಮೂರರಿಂದ ಒಂಬತ್ತು ವರ್ಷದ ಮಕ್ಕಳದ್ದು, ಯಾರದೋ ಹೆಸರಿನದ್ದು. ಅಮ್ಮನ ಕಾರ್ಡಿನಲ್ಲಿ ಒಂದು ದಿನವೂ ಉಳಿದಿರಲಿಲ್ಲ. ಸೊನ್ನೆ.

ಎಪ್ಪತ್ತೊಂದು ವರ್ಷದ ನಮ್ಮಪ್ಪ, ಜೀವನದಲ್ಲಿ ಬಸ್ಸಿಗೂ ಟಿಕೆಟ್ ಇಲ್ಲದೆ ಹತ್ತದ ಮನುಷ್ಯ, ಯಾವುದೋ ಮಗುವಿನ ಟಿಕೆಟ್ ಹಿಡ್ಕೊಂಡು ಅಲ್ಲಿ ನಿಂತಿದ್ದರು. ಅವರಿಗೆ ಹಾಗಾಗೋ ಹಾಗೆ ಮಾಡಿದೋಳು ನಾನು.

ಎರಡೂ ಕಾರ್ಡ್ ಅವರೇ ಇಟ್ಕೊಂಡರು. ಆಕೆಯೇ ವಿವರಿಸಿದರು: ಟಿಕೆಟ್ ಒಂದು ಸಲ ಬಳಸಿದ ಮೇಲೆ ಅದು ಆ ವ್ಯಕ್ತಿಯದ್ದೇ, ಇನ್ನೊಬ್ಬರಿಗೆ ದಾಟಿಸೋ ಹಾಗಿಲ್ಲ. ಬೆರಳಿನಿಂದ ಒಂದು ಸಂಖ್ಯೆ ಮಾಡಿ ಟಿಕೆಟ್ ಜೊತೆ ಇಟ್ಟಿರ್ತಾರೆ, ಅದಕ್ಕೇ ಬೇರೆಯವರ ಬೆರಳು ಒಪ್ಪಲ್ಲ. ಮನೆಗೆ ಬಂದ ಮೇಲೆ ಹುಡುಕಿ ಓದಿದೆ. ಒಮ್ಮೆ ಬಳಸಿದ ಇಂಥ ಟಿಕೆಟ್ ಮಾರೋದು ಫ್ಲೋರಿಡಾದಲ್ಲಿ ಕಾನೂನು ಪ್ರಕಾರವೇ ಅಪರಾಧ, ಆ ರಾಜ್ಯದ ಕಾನೂನಿನ 817.361ನೇ ಸೆಕ್ಷನ್. ಅಂದರೆ ರಸ್ತೆ ಬದಿಯಲ್ಲಿ ಬೋರ್ಡ್ ಹಾಕ್ಕೊಂಡು ಅವನು ಅದನ್ನೇ ಮಾಡ್ತಿದ್ದಾನೆ.

ಅಪ್ಪ, "ನೀವು ಮೂರು ಜನ ಹೋಗಿ ಬನ್ನಿ, ನಾವು ಇಲ್ಲೇ ಬೆಂಚಿನ ಮೇಲೆ ಕೂತಿರ್ತೀವಿ" ಅಂದರು. ಇಬ್ಬರಿಗೂ ಅಲ್ಲೇ ಪೂರ್ತಿ ದುಡ್ಡು ಕೊಟ್ಟು ಆ ದಿನದ ಟಿಕೆಟ್ ತಗೊಂಡು ಒಳಗೆ ಕರ್ಕೊಂಡು ಹೋದ್ವಿ. ಒಳಗೆ ಏನು ನೋಡಿದ್ವಿ ಅಂತ ಕೇಳಿದರೆ ನನಗೆ ನೆನಪೇ ಇಲ್ಲ.

ಸಂಜೆ ಅಂಗಡಿಗೆ ಹೋದ್ವಿ. ಅವನೇ ಇದ್ದ. ಅವನ ಉತ್ತರಗಳನ್ನು ಹಾಗೆ ಹಾಗೇ ಬರೀತೀನಿ, ನಿಮಗೂ ಇದೇ ಹೇಳ್ತಾನೆ. ಮೊದಲು, "ನೀವು ಕೌಂಟರಿಗೆ ಹೋಗಿರಬೇಕು, ಅದಕ್ಕೇ ಹೀಗಾಗಿದೆ." ಆ ಕಾರ್ಡ್ ತಗೊಂಡು ಹೋಗಿಲ್ಲ ಅಂದೆ. "ಹಾಗಾದರೆ ಪಾಸ್‌ಪೋರ್ಟ್ ಯಾಕೆ ತೋರಿಸಿದ್ರಿ?" ಅಂದ. ನಮ್ಮಪ್ಪ ನಿಜವಾದ ಹೆಸರು ಹೇಳಿದ್ದು ತಪ್ಪಂತೆ! ದುಡ್ಡು ವಾಪಸ್ ಕೊಡು ಅಂದ್ವಿ. "ಕಾರ್ಡ್ ಎಲ್ಲಿ? ಕಾರ್ಡ್ ತನ್ನಿ, ದುಡ್ಡು ಕೊಡ್ತೀನಿ." ಕಾರ್ಡ್ ಗೇಟಿನಲ್ಲೇ ಇಟ್ಕೊಂಡಿದ್ದಾರೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಮಗುವಿನ ಟಿಕೆಟ್ ಕೊಟ್ಟಿದೀಯಲ್ಲ ಅಂದರೆ, "ನಾನು ನಿಮಗೆ ಟಿಕೆಟ್ ಕೊಟ್ಟೇ ಇಲ್ಲ, ಚೀಟಿ ಓದಿ" ಅಂದ. ಆಗ ಓದಿದ್ದು ನಾನು, 'ಟೂರಿಸ್ಟ್ ಸರ್ವಿಸ್.' ಪೊಲೀಸ್ ಅಂದ ತಕ್ಷಣ ನಗ್ತಾ, "ಹೇಳಿ, ಬಳಸಿದ ಟಿಕೆಟ್ ಅಂತ ಗೊತ್ತಿದ್ದೇ ತಗೊಂಡ್ವಿ ಅಂತ ಹೇಳಿ" ಅಂದ. ಆ ನಗು. ವೀಸಾದ ಮೇಲೆ ಬಂದಿರೋ ಅಪ್ಪ ಅಮ್ಮ ಕಾರಿನಲ್ಲಿ ಕೂತಿದ್ದಾರೆ, ನಾವು ಗಲಾಟೆ ಮಾಡಲ್ಲ ಅಂತ ಅವನಿಗೆ ಮೊದಲೇ ಲೆಕ್ಕ ಇತ್ತು.

ಮಾರನೇ ದಿನ ಮೆಸೇಜ್ ಮಾಡಿದೆ. "ಮುಂದಿನ ಸಲ ಬನ್ನಿ, ಡಿಸ್ಕೌಂಟ್ ಕೊಡ್ತೀನಿ" ಅಂತ ಒಂದು ಸಾಲು ಬಂತು, ಆಮೇಲೆ ಬ್ಲಾಕ್.

ಈ ಅಂಗಡಿ ಹೇಳಿದ ಪುಣ್ಯಾತ್ಮರಿಗೂ ಫೋನ್ ಮಾಡಿದೆ. "ನಮಗೆ ವರ್ಕ್ ಆಗಿತ್ತಲ್ಲ" ಅಂದರು. ಎಂಥ ಟಿಕೆಟ್ ಅಂತ ಬಿಡಿಸಿ ಕೇಳಿದರೆ, ಅವರು ತಗೊಂಡಿದ್ದು ಒಮ್ಮೆಯೂ ಬಳಸದ ಹೊಸ ಟಿಕೆಟ್! ಹೇಳೋ ಮೊದಲು ಅಷ್ಟು ವಿಚಾರ ಮಾಡಬಾರದಾ? ಗುಂಪಿನಲ್ಲಿ ಸಿಗುತ್ತೆ, ತಗೊಳ್ಳಿ ಅಂತ ಬರೆಯೋರಿಗೂ ಇದನ್ನೇ ಕೇಳ್ತಿದೀನಿ. ನಿಮ್ಮ ಮಾತು ನಂಬಿ ಯಾರದೋ ವಯಸ್ಸಾದ ಅಪ್ಪ ಗೇಟಿನಲ್ಲಿ ನಿಲ್ತಾರೆ.

ನಿಮ್ಮದೇ ಹಳೇ ಟಿಕೆಟ್ ಇದ್ದರೆ ಎಸೀಬೇಡಿ, ನೋ ಎಕ್ಸ್‌ಪೈರೇಷನ್ ಇದ್ದರೆ ಅದು ನಡೆಯುತ್ತೆ. ಹೊರಡೋ ಮೊದಲೇ ಫೋನ್ ಮಾಡಿ ಎಷ್ಟು ದಿನ ಬಾಕಿ ಕೇಳ್ಕೊಳ್ಳಿ, ರಿಸರ್ವೇಶನ್ ಮಾಡಿಸಿ, ಗುರುತಿನ ಚೀಟಿ ತಗೊಂಡು ಹೋಗಿ. ಆದರೆ ನಿಮ್ಮದು ನಿಮಗೆ ಮಾತ್ರ. ಅಣ್ಣನಿಗೂ ಇಲ್ಲ, ಅಪ್ಪನಿಗೂ ಇಲ್ಲ. ಆ್ಯಪ್‌ಗೆ ಹಾಕಬೇಡಿ, ಕೌಂಟರಿಗೆ ಹೋಗಬೇಡಿ ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ಕ್ಯಾಶ್ ಅಂತೂ ಕೊಡಲೇಬೇಡಿ. ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿಗಾದರೂ ಹೇಳ್ತಿದ್ದೆ, ಈಗ ನನ್ನ ಹತ್ತಿರ ಇರೋದು ಒಂದು ಚೀಟಿ.

ಫ್ಲೋರಿಡಾದ ಗ್ರಾಹಕರ ದೂರಿನ ಫಾರಂ ತುಂಬಿ ಕಳಿಸಿದೀನಿ, ಚೀಟಿಯ ಫೋಟೋ, ಅವನ ಮೆಸೇಜ್ ಎಲ್ಲ ಸೇರಿಸಿ. ನಿಮ್ಮಲ್ಲಿ ಯಾರಿಗಾದರೂ ಆ ರಸ್ತೆಯಲ್ಲಿ ಹೀಗೇ ಆಗಿದ್ದರೆ ನೀವೂ ದೂರು ಕೊಡಿ, ನಾಚಿಕೆ ಅಂತ ಸುಮ್ಮನಾಗಬೇಡಿ. ಫಾರಂ ತುಂಬೋದು ಗೊತ್ತಾಗದಿದ್ದರೆ ನನಗೆ ಹೇಳಿ, ಕೂತು ತುಂಬಿಸಿ ಕೊಡ್ತೀನಿ.