ವೈರ್‌ಲೆಸ್ ಪ್ರಿಂಟರ್: ರೂಟರ್‌ಗೆ ಜೋಡಿಸೋದೋ, ವೈ-ಫೈ ಡೈರೆಕ್ಟ್ ಸಾಕೋ?

ಮನೆಯಲ್ಲಿ ಇಬ್ಬರು ಮೂವರು ಪ್ರಿಂಟ್ ತೆಗೆಯುವವರಿದ್ದರೆ ರೂಟರ್‌ಗೇ ಜೋಡಿಸಿ. ಒಮ್ಮೆ ಸೇರಿಸಿದರೆ ಎಲ್ಲರ ಫೋನು, ಲ್ಯಾಪ್‌ಟಾಪ್‌ಗೂ ಸಿಗುತ್ತದೆ.

ಜನ ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಒಂದೇ ಕಡೆ: ಎಷ್ಟೋ ಪ್ರಿಂಟರ್‌ಗಳು 2.4 ಗಿಗಾಹರ್ಟ್ಸ್ ವೈ-ಫೈಯನ್ನು ಮಾತ್ರ ಹಿಡಿಯುತ್ತವೆ. ರೂಟರ್ ಕೊಡುವ ಇನ್ನೊಂದು ವೈ-ಫೈ, ಅಂದರೆ 5 ಗಿಗಾಹರ್ಟ್ಸ್‌ನದರ ಹೆಸರು ಪ್ರಿಂಟರ್‌ನ ಪಟ್ಟಿಯಲ್ಲೇ ಕಾಣುವುದಿಲ್ಲ. ಪ್ರಿಂಟರನ್ನು 2.4ಕ್ಕೆ ಸೇರಿಸಿ, ಫೋನು ಅದೇ ರೂಟರ್‌ನ 5ರಲ್ಲಿದ್ದರೂ ಸಾಮಾನ್ಯವಾಗಿ ತೊಂದರೆಯಿಲ್ಲ. ಗೆಸ್ಟ್ ನೆಟ್‌ವರ್ಕ್ ಮಾತ್ರ ಬೇಡ, ಅಲ್ಲಿ ಸಾಧನಗಳು ಒಂದಕ್ಕೊಂದು ಕಾಣದ ಹಾಗೆ ಹೆಚ್ಚಾಗಿ ತಡೆ ಇರುತ್ತದೆ.

ಎರಡರಲ್ಲೂ ಡಬ್ಲ್ಯೂಪಿಎಸ್ (ಒತ್ತಿದರೆ ತಾನೇ ಜೋಡಿಸುವ) ಬಟನ್ ಇದ್ದರೆ ರೂಟರ್‌ನದನ್ನು ಒತ್ತಿ, 2 ನಿಮಿಷದೊಳಗೆ ಪ್ರಿಂಟರ್‌ನದನ್ನೂ ಒತ್ತಿ. ಪಾಸ್‌ವರ್ಡ್ ಟೈಪ್ ಮಾಡುವ ಗೋಜಿಲ್ಲ. ಪ್ರಿಂಟರ್‌ಗೆ ಸ್ಕ್ರೀನ್ ಇದ್ದರೆ ನನಗೆ ಪಾಸ್‌ವರ್ಡ್ ದಾರಿಯೇ ಇಷ್ಟ, ಯಾವ ನೆಟ್‌ವರ್ಕ್‌ಗೆ ಸೇರಿತು ಅಂತ ಕಣ್ಣಾರೆ ಕಾಣುತ್ತದಲ್ವಾ?

ರೂಟರ್ ಆಫ್ ಆಗಿ ಬಂದಾಗಲೆಲ್ಲ ಪ್ರಿಂಟರ್ ‘ಆಫ್‌ಲೈನ್’ ಅನ್ನುತ್ತದೆಯೇ? ಅದರ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಪ್ರಿಂಟರ್‌ನ ಗುರುತಿನ ಸಂಖ್ಯೆ) ಬದಲಾಗಿರಬಹುದು. ರೂಟರ್ ಸೆಟ್ಟಿಂಗ್‌ನಲ್ಲಿ ಅದಕ್ಕೊಂದು ವಿಳಾಸ ಕಾಯ್ದಿರಿಸಿ.

ವೈ-ಫೈ ಡೈರೆಕ್ಟ್‌ಗೆ ರೂಟರೇ ಬೇಡ. ಪ್ರಿಂಟರ್ ತಾನೇ ನೆಟ್‌ವರ್ಕ್ ಕೊಡುತ್ತದೆ. ಆದರೆ ಅದಕ್ಕೆ ಸೇರಿದಾಗ ಲ್ಯಾಪ್‌ಟಾಪ್‌ನ ಇಂಟರ್ನೆಟ್ ಹೋಗಬಹುದು. ಅಪರೂಪಕ್ಕೊಂದು ಪ್ರಿಂಟ್ ಸಾಕೆನ್ನುವವರು ಇದನ್ನೇ ಆರಿಸಿಕೊಳ್ಳಿ.