ಎಫ್‌ಎಂಇಎ ಸಾಫ್ಟ್‌ವೇರ್: ಚಾಕಣದಲ್ಲಿ ನಾಲ್ಕು ವರ್ಷ ಬಳಸಿದ ಮೇಲೆ

ಪುಣೆ ಹತ್ತಿರ ಚಾಕಣದಲ್ಲಿರೋ ನಮ್ಮ ಬ್ರೇಕ್ ಬಿಡಿಭಾಗಗಳ ಕಾರ್ಖಾನೆಗೆ ಈ ಸಾಫ್ಟ್‌ವೇರ್ ಬಂದು ನಾಲ್ಕು ವರ್ಷ ಆಯ್ತು. ಎಫ್‌ಎಂಇಎ ಅಂದರೆ ಏನೇನು ಕೆಡಬಹುದು, ಕೆಟ್ಟರೆ ಏನಾಗುತ್ತೆ ಅಂತ ಮೊದಲೇ ಪಟ್ಟಿ ಮಾಡಿ ಅಂಕ ಕೊಡೋ ವಿಧಾನ. ಸಾಫ್ಟ್‌ವೇರ್ ಕಂಪನಿ ಹೆಸರು ಬೇಡ, ಬೈಯೋದೂ ಇದೆ.

ಮೊದಲು ಎಲ್ಲಾ ಎಕ್ಸೆಲ್‌ನಲ್ಲೇ. ಕೆಟ್ಟರೆ ಎಷ್ಟು ಅಪಾಯ, ಎಷ್ಟು ಸಲ ಕೆಡಬಹುದು, ನಮ್ಮ ಕೈಗೆ ಸಿಗದೆ ಎಷ್ಟು ತಪ್ಪಿಸಿಕೊಳ್ಳುತ್ತೆ ಅಂತ ಮೂರಕ್ಕೂ 1ರಿಂದ 10ರೊಳಗೆ ಅಂಕ ಕೊಟ್ಟು ಗುಣಿಸೋದು. ಬಂದದ್ದು ಆರ್‌ಪಿಎನ್, ಅಂದರೆ ರಿಸ್ಕ್ ಪ್ರಯಾರಿಟಿ ನಂಬರ್. ನಮ್ಮಲ್ಲಿ 100 ದಾಟಿದರೆ ಮೀಟಿಂಗ್, ದಾಟದಿದ್ದರೆ ಚಹಾ.

2019ರ ಎಐಎಜಿ-ವಿಡಿಎ (ಅಮೆರಿಕ, ಜರ್ಮನಿಯ ವಾಹನೋದ್ಯಮ ಸಂಘಗಳು) ಕೈಪಿಡಿ ಈ ಗುಣಾಕಾರ ಬಿಟ್ಟು ಆಕ್ಷನ್ ಪ್ರಯಾರಿಟಿ, ಅಂದರೆ ಯಾವುದಕ್ಕೆ ಮೊದಲು ಕೈ ಹಾಕಬೇಕು ಅನ್ನೋ ದರ್ಜೆ ತಂತು: ಹೈ, ಮೀಡಿಯಂ, ಲೋ. ಅಪಾಯದ ಅಂಕಕ್ಕೇ ಅಲ್ಲಿ ಮೊದಲ ಮರ್ಯಾದೆ. ಸಾಫ್ಟ್‌ವೇರ್ ಕೊಂಡಿದ್ದೂ ಅದಕ್ಕೇ. ಹಳೇ ಶೀಟು ಏರಿಸಿದ ದಿನ ಮರೆಯೋಲ್ಲ. ಬೋಲ್ಟ್‌ಗೆ ಟಾರ್ಕ್ (ಬಿಗಿಯೋ ಬಲ) ಕಡಿಮೆ ಬೀಳೋ ಸಾಲು 9, 4, 2. ಗುಣಿಸಿದರೆ 72, ಯಾರೂ ತಿರುಗಿ ನೋಡಿರಲಿಲ್ಲ. ಬಣ್ಣದ ಮೇಲಿನ ಗೀರು 4, 5, 6. ಅದು 120, ಅದರ ಹಿಂದೆ ಎರಡು ತಿಂಗಳು ಓಡಾಡಿದ್ದೆವು. ಪರದೆ ಮೇಲೆ ಬೋಲ್ಟ್ ಕೆಂಪಾಗಿ ಮೇಲೆ ಬಂತು, ಗೀರು ಹಸಿರಾಗಿ ತಳಕ್ಕೆ ಹೋಯ್ತು.

ಅಲ್ಲಿಗೆ ಕಥೆ ಮುಗೀಲಿಲ್ಲ. ಒಂದು ಆಡಿಟ್‌ನ ಹಿಂದಿನ ಸಂಜೆ ಅದೇ ಬೋಲ್ಟ್ ಹಸಿರಾಗಿತ್ತು! ಎಷ್ಟು ಸಲ ಕೆಡಬಹುದು ಅನ್ನೋ ಜಾಗದಲ್ಲಿ ಯಾರೋ 4 ತೆಗೆದು 3 ಹಾಕಿದ್ದರು, ಅಷ್ಟಕ್ಕೇ ಹೈ ಇದ್ದದ್ದು ಲೋ. ಬದಲಾವಣೆಯ ಇತಿಹಾಸದಲ್ಲಿ ಹೆಸರೂ ಸಮಯವೂ ಸಿಕ್ಕವು (ಈ ಸೌಲಭ್ಯಕ್ಕೆ ದುಡ್ಡು ಕೊಟ್ಟಿದ್ದು ಸಾರ್ಥಕ). ಕಾರಣದ ಜಾಗದಲ್ಲಿ ಮಾತ್ರ ಒಂದು ಚುಕ್ಕಿ. ಸಾಫ್ಟ್‌ವೇರ್ ಅದನ್ನೂ ಕಾರಣ ಅಂತ ಒಪ್ಪಿಕೊಂಡಿತ್ತು.

ಲೈನಿಗೇ ಹೋಗಿ ಕೇಳಿದೆ. ಸೂಪರ್‌ವೈಸರ್ ಇಂಡಿ ಕಡೆಯವರು. "ಸರ, ಸಾಕೆಟ್ ಸವದೈತ್ರಿ. ಎರಡನೇ ಪಾಳ್ಯಾಗ ಎರಡೆರಡು ಸಲ ಬಿಗೀತೀವಿ" ಅಂದರು. ಮೂರೂ ಅಲ್ಲ, ನಾಲ್ಕೂ ಅಲ್ಲ, ಆರು ಬರೆದೆವು. ಅಂದಿನಿಂದ ಅವರಿಲ್ಲದೆ ನಮ್ಮ ಎಫ್‌ಎಂಇಎ ಮೀಟಿಂಗ್ ಶುರುವಾಗೋಲ್ಲ. ಸಾಕೆಟ್ ಬದಲಿಸೋಕೂ ಈಗ ದಿನಾಂಕ ಗೊತ್ತುಮಾಡಿದ್ದೇವೆ.

ಉಳಿದ ಗೋಳು: ಮರ್ಜ್ ಮಾಡಿದ ಎಕ್ಸೆಲ್ ಸೆಲ್ ಕಂಡರೆ ಇಂಪೋರ್ಟ್ ಕೈಕೊಡುತ್ತೆ. ಲೈಸೆನ್ಸ್ ಎರಡೇ, ಮೂರನೆಯವರು ಲಾಗಿನ್ ಆದರೆ ಮೊದಲನೆಯವರು ಹೊರಗೆ, ಸೇವ್ ಮಾಡದಿದ್ದದ್ದು ಗೋವಿಂದ. ಸಪೋರ್ಟ್‌ನವರು ಫೋನ್ ಎತ್ತುತ್ತಾರೆ, ಅಷ್ಟೇ.

ಐದಕ್ಕೆ ಮೂರೂವರೆ. ಒಂದು ಕಳೆದದ್ದು ಲೈಸೆನ್ಸಿಗೆ, ಅರ್ಧ ಆ ಚುಕ್ಕಿಗೆ.